ಹುಲ್ಲಿಗೂ ಒಂದು ಹೊಲ

ಯಾವುದಾದರೊಂದು ವಸ್ತುವನ್ನು ತೀರ ಹಗುರವಾಗಿ ಕಾಣುವುದಕ್ಕೆ ಕನ್ನಡದಲ್ಲಿ ‘ತೃಣೀಕರಿಸು’ ಎಂಬ ಮಾತುಂಟು. ತೃಣವೆಂದರೆ ಹುಲ್ಲು. ಬೆಲೆಯಿಲ್ಲದುದು ‘ಹುಲ್ಲುಕಡ್ಡಿಗೆ ಸಮಾನ’ವೆಂಬುದು ಜನರ ಬಾಯಲ್ಲಿ ನಿತ್ಯವೂ ಬರುವ ಮಾತು. ಆದರೆ ಅದೇ ಜನ ಗಣಪತಿಗೆ ಗರಿಕೆಯೇರಿಸದೆ ಪೂಜೆ ಮುಗಿಯಿತೆಂದು ಒಪ್ಪುವುದಿಲ್ಲ. ದರ್ಭೆಯಿಲ್ಲದೆ ಹಿರಿಯರ ಶ್ರಾದ್ಧ ನಡೆಸುವುದಿಲ್ಲ. ದೇವರ ಮುಂದೆ ಪೂಜ್ಯವಾದ ಹುಲ್ಲು ಊರ ಹೊರಗಿನ ಬಯಲಿನಲ್ಲಿ ಕಂಡೊಡನೆ ನಿಷ್ಪ್ರಯೋಜಕವೆನಿಸುವುದು ವಿಚಿತ್ರವೇ ಸರಿ. ಹುಲ್ಲು ಬೆಳೆದ ನೆಲವನ್ನು ನೋಡಿದವನು ‘ಪಾಳು ಬಿದ್ದಿದೆ’ ಎನ್ನುತ್ತಾನೆ. ಉಳುಮೆಗೆ ಬಾರದ ನೆಲವನ್ನು ಕಂದಾಯದ ಕಡತ ‘ಖರಾಬು’ ಎಂದು ಬರೆದುಕೊಳ್ಳುತ್ತದೆ. 2000ದಲ್ಲಿ ಕೇಂದ್ರ ಸರ್ಕಾರ ಹೊರತಂದ ದೇಶದ ಪಾಳುಭೂಮಿಯ ನಕ್ಷೆಗಳಲ್ಲಿ, ಕೃಶವಾದ ಹುಲ್ಲುಗಾವಲೂ ಕುರುಚಲು ಬಯಲೂ ಪಾಳಿನ ಲೆಕ್ಕಕ್ಕೇ ಸೇರಿದುವು. ಹೆಸರು ತಪ್ಪಿದಲ್ಲಿ ನಡೆಯೂ ತಪ್ಪುತ್ತದೆ. ಪಾಳೆಂದು ಕರೆದ ಮೇಲೆ ಅಲ್ಲಿ ಕಲ್ಲು ಒಡೆಯಬಹುದು, ಕಸ ಸುರಿಯಬಹುದು, ನಿವೇಶನ ಮಾಡಬಹುದು; ಏನೂ ಇಲ್ಲವಾದರೆ ಗಿಡವನ್ನಾದರೂ ನೆಡಬಹುದು. ಹುಲ್ಲನ್ನು ಮಾತ್ರ ಬೆಳೆಸುವ ಯೋಚನೆ ಯಾರಿಗೂ ಬರುವುದಿಲ್ಲ.

ಈ ಮಾತಿನ ನಿಜವನ್ನು ತಿಳಿಯಲು ಕರ್ನಾಟಕದ ನೆತ್ತಿಯ ಮೇಲಿರುವ ಬೀದರ ಜಿಲ್ಲೆಗಿಂತ ಒಳ್ಳೆಯ ಜಾಗ ಇಲ್ಲ. ಬೀದರ ನಗರ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಎತ್ತರವಾದ ಹಾಸಿನ ಮೇಲೆ. ಕೋಟೆಯ ಗೋಡೆಗಳಿಗೆ ಕಲ್ಲು ಒದಗಿಸಿದುದೂ ಅದೇ ಹಾಸು. ನಗರದಿಂದ ಉತ್ತರಕ್ಕೆ ಇಳಿದು ಮಾಂಜ್ರಾ ನದಿಯನ್ನು ದಾಟಿ ಔರಾದಿನ ಕಡೆ ನಡೆದರೆ, ಅಥವಾ ವಾಯವ್ಯದ ಭಾಲ್ಕಿಯತ್ತ ಹೋದರೆ, ಕೆಂಪು ಕಳೆದು ನೆಲ ಕಪ್ಪಾಗುತ್ತದೆ. ಅದು ಬಸಾಲ್ಟ್ ಶಿಲೆ ಸವೆದು ಆದ ಎರೆಭೂಮಿ. ವರ್ಷಕ್ಕೆ ಸುಮಾರು 850 ಮಿಲಿಮೀಟರು ಮಳೆ. ಅದರಲ್ಲಿ ಬಹುಪಾಲು ಜೂನಿನಿಂದ ಅಕ್ಟೋಬರಿನೊಳಗೆ ಸುರಿದುಹೋಗುತ್ತದೆ. ಮಿಕ್ಕ ತಿಂಗಳುಗಳೆಲ್ಲ ಒಣ ಹವೆ. ಇಂತಹ ಸೀಮೆಯಲ್ಲಿ, ನೇಗಿಲು ಮುಟ್ಟದ ಕಡೆ, ಹುಲ್ಲು ನೆಲವನ್ನೆಲ್ಲ ಹಾಸಿಕೊಂಡು, ಬೋರೆ, ಜಾಲಿ, ಬೇವುಗಳು ಅಲ್ಲೊಂದು ಇಲ್ಲೊಂದು ನಿಂತಿರುತ್ತವೆ. ಭೂಗೋಳ ಶಾಸ್ತ್ರದಲ್ಲಿ ಇದಕ್ಕೆ ‘ಸವನ್ನಾ’ ಎಂದು ಹೆಸರು. ಸವನ್ನಾ ಎಂದೊಡನೆ ಆಫ್ರಿಕದ ಸಿಂಹ, ಜಿರಾಫೆಗಳನ್ನು ನೆನೆಯುವ ವಿದ್ಯಾರ್ಥಿಗೆ, ತನ್ನ ಊರಿನ ಗಾಯರಾಣವೂ ಆ ಕುಲದ್ದೇ ಎಂಬುದು ಹೊಳೆಯದಿರಬಹುದು. ಹಳೆಯ ಮೈಸೂರು ಸೀಮೆಯವರು ಗೋಮಾಳವೆಂದು ಕರೆಯುವುದನ್ನು ಈ ಕಡೆಯವರು ಗಾಯರಾಣವೆನ್ನುತ್ತಾರೆ.

ಆ ಬಯಲಿಗೆ ಅದರದೇ ಆದ ಒಕ್ಕಲುಗಳಿವೆ. ಬೀದರಿನ ಸುತ್ತಿನ ಹುಲ್ಲು ಬಯಲುಗಳಲ್ಲಿಯೂ ಹೊನ್ನಿಕೇರಿಯ ಅರಣ್ಯದ ಅಂಚಿನಲ್ಲಿಯೂ ಕೃಷ್ಣಮೃಗದ ಹಿಂಡುಗಳು ಇಂದಿಗೂ ಕಣ್ಣಿಗೆ ಬೀಳುತ್ತವೆ. ಓಟವೇ ಅವುಗಳ ರಕ್ಷಣೆ. ಓಡುವುದಕ್ಕೆ ತೆರೆದ ಬಯಲು ಬೇಕು. ಆದರೆ ಹುಟ್ಟಿದ ಮರಿಗೆ ಕೆಲವು ದಿನ ಓಟ ಬಾರದು. ತಾಯಿ ಅದನ್ನು ಎತ್ತರದ ಹುಲ್ಲಿನ ನಡುವೆ ಅಡಗಿಸಿಟ್ಟು ದೂರದಲ್ಲಿ ಮೇಯುತ್ತದೆ. ಹುಲ್ಲು ಬೋಳಾದರೆ ಆ ತೊಟ್ಟಿಲು ಇಲ್ಲವಾಗುತ್ತದೆ. ಆಗ ಮೃಗ ಹೊಲಕ್ಕೆ ನುಗ್ಗುತ್ತದೆ. ರೈತ ಅದನ್ನು ಶಪಿಸುತ್ತಾನೆ. ಅವನ ಶಾಪದಲ್ಲಿಯೂ ತಪ್ಪೆನ್ನುವಂಥದೇನೂ ಇಲ್ಲ. ತೊಗರಿಯ ಚಿಗುರು ಅವನ ವರ್ಷದ ಅನ್ನ.

ಹುಲ್ಲುಗಳೆಲ್ಲ ಒಂದೇ ಅಲ್ಲ. ಮಳೆಗೆ ಹುಟ್ಟಿ, ದೀಪಾವಳಿಯ ಹೊತ್ತಿಗೆ ತೆನೆ ಬಿಟ್ಟು ಸಾಯುವ ಏಕವಾರ್ಷಿಕಗಳು ಒಂದು ಬಗೆ. ಬುಡದಲ್ಲಿ ಜೀವ ಹಿಡಿದು ಬೇಸಗೆಯನ್ನು ಕಳೆದು, ಮೊದಲ ಮಳೆಗೆ ಮತ್ತೆ ಚಿಗುರುವ ಬಹುವಾರ್ಷಿಕಗಳು ಇನ್ನೊಂದು ಬಗೆ. ದಖ್ಖಣದ ಬಯಲಿನ ನಿಜವಾದ ಒಡೆಯರು ಈ ಎರಡನೆಯವು. ಅಂಜನ ಹುಲ್ಲು, ಮಾರ್ವೆಲ್ ಹುಲ್ಲು ಎಂಬ ಎರಡನ್ನು ಇಲ್ಲಿ ವಿಶೇಷವಾಗಿ ಹೆಸರಿಸಬೇಕು. ಸಸ್ಯಶಾಸ್ತ್ರಜ್ಞರು ಮೊದಲನೆಯದನ್ನು ಸೆಂಕ್ರಸ್ ಸಿಲಿಯಾರಿಸ್ ಎಂದೂ ಎರಡನೆಯದನ್ನು ಡೈಕ್ಯಾಂಥಿಯಮ್ ಆ್ಯನುಲೇಟಮ್ ಎಂದೂ ಕರೆಯುತ್ತಾರೆ. ಅಂಜನ ಆಫ್ರಿಕದಿಂದ ಅರಬಸ್ಥಾನವನ್ನು ಹಾದು ಭಾರತದವರೆಗೂ ತಾನಾಗಿ ಬೆಳೆಯುವ ಹುಲ್ಲು. ರಾಜಸ್ಥಾನದಲ್ಲಿ ಅದು ಧಾಮಣವೆಂದು ಪ್ರಸಿದ್ಧ. ತೆನೆ ಅಳಿಲಿನ ಬಾಲದಂತೆ ನವಿರು ಕೂದಲಿನಿಂದ ಕೂಡಿರುತ್ತದೆ.

ಮರದ ಕೊಂಬೆಗೆ ಬೆಳವಣಿಗೆಯ ಮೊಗ್ಗು ತುದಿಯಲ್ಲಿರುತ್ತದೆ. ತುದಿ ಮುರಿದರೆ ಆ ಕೊಂಬೆ ನಿಲ್ಲುತ್ತದೆ. ಬಹುವಾರ್ಷಿಕ ಹುಲ್ಲಿನ ಚಿಗುರುವ ಕಣ್ಣು ನೆಲಕ್ಕೆ ಅಂಟಿಕೊಂಡ ಬುಡದಲ್ಲಿ ಅಡಗಿದೆ. ಆದುದರಿಂದಲೇ ದನ ಮೇದರೂ ಕುಡುಗೋಲು ಕೊಯ್ದರೂ ಅದು ಮತ್ತೆ ಏಳುತ್ತದೆ. ಅಂಜನದ ಬೇರು ಸಡಿಲ ಮಣ್ಣಿನಲ್ಲಿ ಎರಡು ಮೀಟರಿನಷ್ಟು ಆಳಕ್ಕೂ ಇಳಿಯಬಲ್ಲುದು. ಮೇಲೆ ಕಾಣುವ ಹುಲ್ಲಿಗಿಂತ ಕೆಳಗಿನ ಸಂಸಾರವೇ ದೊಡ್ಡದು. ಮಳೆಯ ಹನಿ ಬೋಳು ನೆಲದ ಮೇಲೆ ಬಿದ್ದರೆ ಮಣ್ಣನ್ನು ಎಬ್ಬಿಸಿಕೊಂಡು ಹಳ್ಳಕ್ಕೆ ಓಡುತ್ತದೆ. ಹುಲ್ಲಿನ ಬುಡಗಳ ನಡುವೆ ಬಿದ್ದರೆ ತಡವರಿಸಿ, ಬೇರಿನ ದಾರಿಯಲ್ಲಿ ಕೆಳಗಿಳಿಯುತ್ತದೆ. ಬೀದರಿನ ಜಂಬಿಟ್ಟಿಗೆ ಹೀಗೆ ಕುಡಿದ ನೀರೇ ಕೆಳಗಿನ ಕರಿಯ ಶಿಲೆಯ ಮೇಲೆ ಸಂಗ್ರಹವಾಗುತ್ತದೆ. ಬಹಮನಿ ಸುಲ್ತಾನರ ಕಾಲದಲ್ಲಿ ನೌಬಾದಿನ ಬಳಿ ಕೊರೆದ ‘ಕಾರೇಜ್’ ಎಂಬ ಸುರಂಗ ಕಾಲುವೆ ಆ ನೀರನ್ನು ನಂಬಿಯೇ ಹುಟ್ಟಿತು. ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ನದಿಗೆ ಕಟ್ಟಿದ ಜಲಾಶಯಕ್ಕೆ ಪ್ರತಿ ಮಳೆಗಾಲದಲ್ಲಿಯೂ ಕೆಂಪು, ಕಪ್ಪು ನೀರು ಹರಿದು ಬರುತ್ತದೆ. ಆ ಬಣ್ಣ ಮೇಲಿನ ಹೊಲ, ಬಯಲುಗಳ ಮಣ್ಣಿನದು.

ಹುಲ್ಲು ಇಷ್ಟು ಗಟ್ಟಿಯಾದರೆ ಗಾಯರಾಣಗಳು ಬೋಳಾದುದು ಏಕೆ? ಅದಕ್ಕೂ ಉತ್ತರ ಬೇರಿನಲ್ಲಿಯೇ ಇದೆ. ಬೇಸಗೆ ಕಳೆದ ಬುಡದಲ್ಲಿ ಕೂಡಿಟ್ಟ ಆಹಾರ ಸ್ವಲ್ಪವೇ ಇರುತ್ತದೆ. ಮೊದಲ ಮಳೆಗೆ ಅದನ್ನು ಖರ್ಚು ಮಾಡಿ ಹುಲ್ಲು ಎಲೆ ಬಿಡುತ್ತದೆ. ಆ ಎಲೆ ಬಲಿಯುವ ಮೊದಲೇ ಹಸಿದ ದನ ಅದನ್ನು ಕಚ್ಚುತ್ತದೆ. ಹುಲ್ಲು ಮತ್ತೆ ಎಲೆ ಬಿಡುತ್ತದೆ. ದನ ಮತ್ತೆ ಕಚ್ಚುತ್ತದೆ. ಹೀಗೆ ನಾಲ್ಕೈದು ವರ್ಷ ನಡೆದರೆ ಬೇರು ದಿವಾಳಿಯಾಗುತ್ತದೆ. ರುಚಿಯಾದ ಮಾರ್ವೆಲ್ ಮೊದಲು ಕಾಣೆಯಾಗುತ್ತದೆ. ಅದರ ಜಾಗಕ್ಕೆ, ತೆನೆ ಬಂದ ಮೇಲೆ ಕುರಿಯ ಉಣ್ಣೆಗೂ ಚರ್ಮಕ್ಕೂ ಚುಚ್ಚಿಕೊಳ್ಳುವ ಊಬಿನ ಹುಲ್ಲು ಬರುತ್ತದೆ. ಆಮೇಲೆ ಬರಿಯ ಏಕವಾರ್ಷಿಕಗಳು. ಕೊನೆಗೆ ಕಲ್ಲು.

ಈ ಜಿಲ್ಲೆಯ ಹಸಿವು ಇತ್ತೀಚೆಗೆ ಇನ್ನೊಂದು ಕಾರಣದಿಂದಲೂ ಹೆಚ್ಚಿತು. ಹಿಂದೆ ಪ್ರತಿಯೊಬ್ಬ ರೈತನ ಕಣದಲ್ಲಿಯೂ ಜೋಳದ ಕಣಿಕೆಯ ಬಣವೆ ಇರುತ್ತಿತ್ತು. ಬಣವೆಯ ಗಾತ್ರವನ್ನು ನೋಡಿ ಮನೆತನದ ಸ್ಥಿತಿಯನ್ನು ಅಳೆದ ಕಾಲವೂ ಉಂಟು. ಈಗ ಮುಂಗಾರಿನ ಹೊಲಗಳಲ್ಲಿ ಸೋಯಾಬೀನು ಹಬ್ಬಿದೆ. ಅದು ಹಣ ತರುತ್ತದೆ. ಜೋಳದಂತೆ ದನಕ್ಕೆ ವರ್ಷದ ಊಟ ಬಿಟ್ಟುಹೋಗುವುದಿಲ್ಲ. ರೈತ ದುಡ್ಡಿನ ಬೆಳೆಗೆ ಹೋದುದು ತಪ್ಪೆಂದು ಯಾರೂ ಹೇಳಲಾಗದು. ಆದರೆ ಕಣಿಕೆ ಹೋದ ಜಾಗಕ್ಕೆ ಏನು ಬಂದಿತೆಂಬುದನ್ನು ಯಾರೂ ಕೇಳಿಕೊಳ್ಳಲಿಲ್ಲ.

ಆ ಹೊರೆ ಬೀಳುವುದು ದೇವಣಿ ದನಗಳ ಮೇಲೆ. ನೆರೆಯ ಲಾತೂರು ಜಿಲ್ಲೆಯ ದೇವಣಿ ಎಂಬ ಊರಿನ ಹೆಸರನ್ನು ಹೊತ್ತ ಈ ತಳಿ ಭಾಲ್ಕಿ, ಔರಾದ್ ತಾಲ್ಲೂಕುಗಳ ಹೆಮ್ಮೆ. ಬಿಳಿಯ ಮೈ, ಜೋಲು ಕಿವಿ. ಕೆಲವಕ್ಕೆ ಮುಖ ಕಪ್ಪು, ಕೆಲವಕ್ಕೆ ಮೈಮೇಲೆಲ್ಲ ಕರಿಯ ಮಚ್ಚೆ. ಎತ್ತು ಎರೆಯ ನೆಲದಲ್ಲಿ ನೇಗಿಲೆಳೆಯಬಲ್ಲುದು, ಆಕಳು ಹಾಲೂ ಕೊಡಬಲ್ಲುದು. ಇದರ ಸಂರಕ್ಷಣೆಗಾಗಿಯೇ ಭಾಲ್ಕಿ ತಾಲ್ಲೂಕಿನ ಕಟ್ಟಿತೂಗಾಂವಿನಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನ ಕೇಂದ್ರವಿದೆ. ತಳಿಯನ್ನು ಉಳಿಸುವ ಮಾತು ಎಲ್ಲ ಸಭೆಗಳಲ್ಲಿಯೂ ಕೇಳಿಬರುತ್ತದೆ. ಆ ತಳಿಯ ಬಾಯಿಗೆ ಏನು ಹಾಕಬೇಕೆಂಬ ಮಾತು ಅಪರೂಪ. 1972ರ ಬರಗಾಲವನ್ನು ಕಂಡ ಹಿರಿಯರನ್ನು ಕೇಳಿದರೆ, ಮೇವಿಲ್ಲದ ಮನೆಯಿಂದ ದನ ಹೊರಡುವ ದಿನ ಎಂಥದೆಂದು ತಿಳಿಯುತ್ತದೆ. 2016ರ ಏಪ್ರಿಲಿನಲ್ಲಿ ಗಡಿಯಾಚೆಯ ಲಾತೂರಿಗೆ ಮೀರಜದಿಂದ ರೈಲಿನಲ್ಲಿ ನೀರು ತರಬೇಕಾಯಿತು. ನೀರನ್ನು ರೈಲು ತಂದೀತು. ಒಂದು ಜಿಲ್ಲೆಯ ದನಗಳಿಗೆ ಬೇಕಾದ ಹುಲ್ಲನ್ನು ಎಷ್ಟು ರೈಲು ತರಬೇಕು?

ಕಾನೂನು ಹುಲ್ಲನ್ನು ಪೂರ್ತಿಯಾಗಿ ಮರೆತಿಲ್ಲ. 1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಊರಿನ ಪ್ರತಿ ನೂರು ದನಗಳಿಗೆ 30 ಎಕರೆ ಮೇವಿನ ಭೂಮಿಯನ್ನು ಬಿಡಬೇಕು. ಈ ಲೆಕ್ಕವನ್ನು ವಿದ್ಯಾರ್ಥಿಗಳು ಹಲಗೆಯ ಮೇಲೆ ಬಿಡಿಸಿ ನೋಡಬಹುದು. ದೊಡ್ಡ ದನವೊಂದಕ್ಕೆ ದಿನಕ್ಕೆ ಸುಮಾರು 8 ಕಿಲೋ ಒಣಮೇವು ಎಂದು ಹಿಡಿದರೆ, ವರ್ಷಕ್ಕೆ ಮೂರು ಟನ್ನಿನ ಸಮೀಪ ಬರುತ್ತದೆ. ಎಕರೆಗೆ ಮೂರಕ್ಕಿಂತ ಹೆಚ್ಚು ದನ. ಅಂದರೆ ಒಂಬತ್ತು ಟನ್ನಿಗೂ ಮೀರಿದ ಮೇವು. ಮಳೆಯಾಶ್ರಯದ ಒಂದು ಎಕರೆ, ಎಷ್ಟೇ ಚೆನ್ನಾಗಿ ನೋಡಿಕೊಂಡರೂ, ಅದರ ಮೂರನೆಯ ಒಂದು ಪಾಲನ್ನು ಕೊಡುವುದೂ ಕಷ್ಟ. ಹೀಗೆ ನಿಯಮದ ಭೂಮಿ ಪೂರ್ತಿಯಾಗಿ ಉಳಿದಿದ್ದರೂ ಸಾಲದು. ಎಷ್ಟೋ ಕಡೆ ಅದೂ ಒತ್ತುವರಿಯಲ್ಲಿ ಕರಗಿದೆ. ಊರೊಟ್ಟಿನ ಭೂಮಿಯ ಒತ್ತುವರಿಯನ್ನು ತೆರವು ಮಾಡಿಸಬೇಕೆಂದು 2011ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಎಲ್ಲ ರಾಜ್ಯಗಳಿಗೂ ಆದೇಶಿಸಿತು. ಆದೇಶ ಕಾಗದದ ಮೇಲಿದೆ. ತೆರವಾದ ಭೂಮಿಯೂ ಕಲ್ಲುಗುಡ್ಡೆಯಾಗಿಯೇ ಉಳಿದರೆ ದನಕ್ಕೆ ಏನು ಬಂತು?

ಬೋಳು ಬಯಲನ್ನು ಕಂಡೊಡನೆ ಗಿಡ ನೆಡಬೇಕೆನ್ನುವವರು ಸದುದ್ದೇಶದವರೇ. ಆದರೆ ಹುಲ್ಲುಗಾವಲು ಎಂಬುದು ಕಾಡಾಗಲು ಹೋಗಿ ಸೋತ ಭೂಮಿಯಲ್ಲ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯವಾಯಿತು. ಅಲ್ಲಿಯ ಬಹುಭಾಗವನ್ನು ನೀಲಗಿರಿಯ ನೆಡುತೋಪು ಆವರಿಸಿತು. ಒಂದು ಕಾಲದಲ್ಲಿ ಆ ಬಯಲಿನಲ್ಲಿ ಕಾಣುತ್ತಿದ್ದ ಎರೆಭೂತವೆಂಬ ದೊಡ್ಡ ಹಕ್ಕಿ ಈಗ ಅಲ್ಲಿಲ್ಲ. ಮೃಗಕ್ಕೆ ಬೇಕಾದುದು ಬಯಲು, ಕೊಟ್ಟುದು ತೋಪು. ಬೀದರಿನ ಬಯಲುಗಳಿಗೆ ಅದೇ ಉಪಕಾರ ಆಗದಿರಲಿ.

ಹಾಗಾದರೆ ಹುಲ್ಲನ್ನು ಬೆಳೆಸುವುದು ಹೇಗೆ? ಇದು ತಾನಾಗಿ ಬರುವುದಲ್ಲವೇ ಎಂಬ ನಗು ಮೊದಲು ಬರುತ್ತದೆ. ಬೇರು ಸತ್ತ ನೆಲದಲ್ಲಿ ತಾನಾಗಿ ಬರುವುದಿಲ್ಲ. ಬಿತ್ತಬೇಕು, ಕಾಯಬೇಕು, ಕೊಯ್ಯಬೇಕು. ಝಾನ್ಸಿಯಲ್ಲಿ 1962ರಲ್ಲಿ ಸ್ಥಾಪನೆಯಾದ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನ ಸಂಸ್ಥೆ ಈ ವಿದ್ಯೆಯನ್ನೇ ಬೆಳೆಸಿದೆ. ಅದರ ಶಾಖೆಯೊಂದು ಧಾರವಾಡದಲ್ಲಿದೆ.

ಮೊದಲು ನೆಲವನ್ನರಿತು ಹುಲ್ಲನ್ನು ಆರಿಸಬೇಕು. ಅಂಜನಕ್ಕೆ ನೀರು ನಿಲ್ಲದ ಹಗುರ ಮಣ್ಣು ಪ್ರಿಯ. ಬೀದರ ನಗರದ ಸುತ್ತಿನ ಕೆಂಪು ನೆಲ ಅದಕ್ಕೆ ಹೇಳಿಸಿದಂತಿದೆ. ಭಾಲ್ಕಿ, ಔರಾದುಗಳ ಎರೆಯಲ್ಲಿ ಶ್ರಾವಣದ ಜಡಿಮಳೆಗೆ ನೀರು ನಿಲ್ಲುತ್ತದೆ. ಅಲ್ಲಿ ಅಂಜನದ ಬುಡ ಕೊಳೆಯುತ್ತದೆ, ಮಾರ್ವೆಲ್ ತಾಳಿಕೊಳ್ಳುತ್ತದೆ. ಈ ಭೇದವನ್ನು ಮರೆತು ಒಂದೇ ಬೀಜವನ್ನು ಜಿಲ್ಲೆಗೆಲ್ಲ ಹಂಚಿದರೆ ಅರ್ಧ ಬೀಜ ಮಣ್ಣುಪಾಲು.

ಅಂಜನದ ಬೀಜ ತೂಕವಿಲ್ಲದ್ದು. ಮೈಮೇಲೆ ಕೂದಲಿರುವುದರಿಂದ ಗಾಳಿಗೆ ಹಾರುತ್ತದೆ, ಕೂರಿಗೆಯ ಕೊಳವೆಯಲ್ಲಿ ಇಳಿಯದೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಸುಲಭವಾದ ಉಪಾಯವೊಂದಿದೆ. ಬೀಜಕ್ಕೆ ಸಗಣಿ, ಮರಳು, ಅವೆರಡಕ್ಕಿಂತ ಹೆಚ್ಚಾಗಿ ಜೇಡಿಮಣ್ಣು ಸೇರಿಸಿ, ನೀರು ಚಿಮುಕಿಸಿ, ಕಡಲೆಕಾಳಿನಷ್ಟು ಉಂಡೆ ಮಾಡಿ ನೆರಳಿನಲ್ಲಿ ಒಣಗಿಸಬೇಕು. ಉಂಡೆ ಹಾರುವುದಿಲ್ಲ, ಇರುವೆಯೂ ಅದನ್ನು ಸುಲಭವಾಗಿ ಹೊತ್ತೊಯ್ಯಲಾರದು. ಇನ್ನೊಂದು ಎಚ್ಚರ: ಹೊಸದಾಗಿ ಕಿತ್ತ ಬೀಜ ನಿದ್ರೆಯಲ್ಲಿರುತ್ತದೆ, ಬಿತ್ತಿದರೆ ಮೊಳೆಯುವುದು ಕಡಿಮೆ. ಅದನ್ನು ಒಣ ಜಾಗದಲ್ಲಿಟ್ಟು ಮುಂದಿನ ಮುಂಗಾರಿಗೆ ಬಿತ್ತಿದರೆ ಚೆನ್ನಾಗಿ ಎಚ್ಚರಗೊಳ್ಳುತ್ತದೆ. ಎಕರೆಗೆ ಎರಡು ಕಿಲೋ ಬೀಜ ಸಾಕು. ಮಳೆಗೆ ಮುಂಚೆ ಇಳಿಜಾರಿಗೆ ಅಡ್ಡಲಾಗಿ ಹಗುರವಾಗಿ ಉತ್ತು ಕುಂಟೆ ಹೊಡೆದು, ಮೃಗಶಿರ ಮಳೆ ನೆಲವನ್ನು ನೆನೆಸಿದ ಮೇಲೆ ಒಂದೂವರೆ, ಎರಡು ಅಡಿಯ ಸಾಲುಗಳಲ್ಲಿ ಹಾಕಬೇಕು. ಬೀಜದ ಮೇಲೆ ಒಂದು ಸೆಂಟಿಮೀಟರಿಗಿಂತ ಹೆಚ್ಚು ಮಣ್ಣು ಬೀಳಕೂಡದು. ಆಳಕ್ಕೆ ಹಾಕಿ ಬೀಜವೇ ಕೆಟ್ಟದೆಂದು ದೂರುವವರು ಬಹಳ.

ಮಾರ್ವೆಲ್ಲಿಗೆ ಬೀಜಕ್ಕಿಂತ ಬೇರುಕಡ್ಡಿ ವಾಸಿ. ಹಳೆಯ ಹಿಂಡಿಲನ್ನು ಅಗೆದು, ಬೇರುಸಹಿತ ಎರಡು ಮೂರು ಕಡ್ಡಿಗಳಂತೆ ಬಿಡಿಸಿ, ತಲೆಯನ್ನು ಗೇಣುದ್ದಕ್ಕೆ ಕತ್ತರಿಸಿ, ಜುಲೈನ ಒದ್ದೆ ನೆಲದಲ್ಲಿ ಮೊಳದಂತರಕ್ಕೆ ಒಂದರಂತೆ ಊರಬೇಕು. ಸಾಲುಗಳ ನಡುವೆ ಸ್ಟೈಲೋ ಎಂಬ ದ್ವಿದಳ ಮೇವನ್ನು ಬಿತ್ತಿದರೆ, ಅದು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸಿ ಹುಲ್ಲಿಗೆ ಪುಷ್ಟಿ ಕೊಡುತ್ತದೆ. ಅದರ ಬೀಜದ ಸಿಪ್ಪೆ ಗಡುಸು. ಕುದಿಯುವುದಕ್ಕೆ ಮುಂಚಿನ ಬಿಸಿನೀರಿನಲ್ಲಿ ಮೂರು ನಾಲ್ಕು ನಿಮಿಷ ಅದ್ದಿ ತೆಗೆದರೆ ಮೊಳಕೆ ಒಡೆಯುತ್ತದೆ.

ಬಿತ್ತಿದ ಮೂರು ನಾಲ್ಕು ವಾರಕ್ಕೆ ಒಮ್ಮೆ ಕಳೆ ತೆಗೆಯಬೇಕು. ಮೊದಲ ವರ್ಷ ದನವನ್ನು ಒಳಗೆ ಬಿಡಲೇಬಾರದು. ಎಳೆಯ ಹುಲ್ಲನ್ನು ಕಚ್ಚಿ ಎಳೆದರೆ ಬೇರುಸಹಿತ ಕಿತ್ತುಬರುತ್ತದೆ. ಬೀಜ ಉದುರಿದ ಮೇಲೆ, ನಾಲ್ಕು ಬೆರಳು ಬುಡ ಬಿಟ್ಟು ಕೊಯ್ಯಬೇಕು. ಎರಡನೆಯ ವರ್ಷದಿಂದ ಅರ್ಧ ತೆನೆ ಹೊರಬಿದ್ದಾಗ ಕೊಯ್ದರೆ ಮೇವಿನಲ್ಲಿ ಸತ್ತ್ವವಿರುತ್ತದೆ. ಪೂರ್ತಿ ಬಲಿಯಲೆಂದು ಕಾದರೆ ಹೊರೆ ದೊಡ್ಡದಾದೀತು, ಸತ್ತ್ವ ಕಡಿಮೆ. ಮೇಯಿಸುವುದಾದರೆ ಬಯಲನ್ನು ನಾಲ್ಕು ಪಾಲು ಮಾಡಿ ಸರದಿಯಂತೆ ಬಿಡಬೇಕು. ಹೀಗೆ ನಡೆಸಿದರೆ ಒಮ್ಮೆ ಬಿತ್ತಿದ ಹುಲ್ಲು ಐದಾರು ವರ್ಷವಾದರೂ ಬಾಳುತ್ತದೆ.

ಗಾಯರಾಣ ಸಾಲದೆಂಬುದನ್ನು ಮೇಲಿನ ಲೆಕ್ಕ ತೋರಿಸಿತು. ಮಿಕ್ಕುದು ಹೊಲದ ಬದುವಿನಲ್ಲಿದೆ. ಚೌಕವಾದ ಒಂದು ಎಕರೆಯ ನಾಲ್ಕೂ ಬದುಗಳ ಉದ್ದ ಸುಮಾರು 250 ಮೀಟರು. ಒಂದು ಮೀಟರು ಅಗಲದ ಬದುವಿನಲ್ಲಿ ಹುಲ್ಲು ನಿಂತರೆ ಎರಡೂವರೆ ಗುಂಟೆ ಮೇವಿನ ಹೊಲವಾಯಿತು; ಸೋಯಾಬೀನಿನ ಒಂದು ಸಾಲೂ ಕಳೆಯದೆ, ಮಣ್ಣೂ ಹಳ್ಳಕ್ಕಿಳಿಯದೆ. ಇಂದು ಅದೇ ಬದುಗಳಿಗೆ ಬೇಸಗೆಯಲ್ಲಿ ಬೆಂಕಿ ಇಡುವವರುಂಟು.

ಆಕ್ಷೇಪಗಳೂ ಇವೆ, ಅವುಗಳಲ್ಲಿ ಎರಡು ಗಟ್ಟಿಯಾದುವು. ಬಯಲನ್ನು ಒಂದು ವರ್ಷ ಮುಚ್ಚಿದರೆ, ಹೊಲವಿಲ್ಲದೆ ನಾಲ್ಕು ಮೇಕೆಗಳನ್ನೇ ನಂಬಿದವಳು ಎಲ್ಲಿಗೆ ಹೋಗಬೇಕು? ಕುರಿಹಿಂಡನ್ನು ಹೊಡೆದುಕೊಂಡು ಊರೂರು ತಿರುಗುವವನು ಏನು ಮಾಡಬೇಕು? ಬಯಲಿನ ಕಾಲುಭಾಗವನ್ನು ಮಾತ್ರ ಮುಚ್ಚಿ, ಅಲ್ಲಿ ಕೊಯ್ದ ಹುಲ್ಲಿನಲ್ಲಿ ಮೊದಲ ಹೊರೆಯನ್ನು ಅಂಥವರಿಗೆ ಕೊಡುವುದು ನ್ಯಾಯ. ಅವರನ್ನು ಹೊರಗಿಟ್ಟು ಹಾಕಿದ ಬೇಲಿ ಒಂದು ಮಳೆಗಾಲವನ್ನೂ ದಾಟುವುದಿಲ್ಲ. ಎರಡನೆಯದು ಅಂಜನದ ಸ್ವಭಾವದ ಮಾತು. ಆಸ್ಟ್ರೇಲಿಯಕ್ಕೂ ಅಮೆರಿಕದ ಆರಿಜೋನಕ್ಕೂ ದನಗಳಿಗಾಗಿ ಕೊಂಡೊಯ್ದ ಇದೇ ಹುಲ್ಲು ಅಲ್ಲಿ ಎಲ್ಲೆ ಮೀರಿ ಹಬ್ಬಿತು. ಬೆಂಕಿಯನ್ನೇ ಅರಿಯದಿದ್ದ ಆರಿಜೋನದ ಮರುಭೂಮಿಯಲ್ಲಿ ಒಣಗಿದ ಅಂಜನ ಕಾಳ್ಗಿಚ್ಚಿಗೆ ಸೌದೆಯಾಯಿತು. ಅಲ್ಲಿಯ ಎತ್ತರದ ಕಳ್ಳಿಗಿಡಗಳು ಸುಟ್ಟುಹೋದುವು. ಭಾರತ ಅದರ ಸ್ವಂತ ನೆಲ. ಇಲ್ಲಿ ಅದು ಅತಿಥಿಯಲ್ಲ. ಆದರೂ ಹಲವು ಬಗೆಯ ಹುಲ್ಲು ಇನ್ನೂ ಉಳಿದಿರುವ ಬಯಲನ್ನು ಉತ್ತು ಅಂಜನವೊಂದನ್ನೇ ಬಿತ್ತುವುದು ಅವಿವೇಕ. ಅಂಥ ಕಡೆ ಒಂದೆರಡು ಮಳೆಗಾಲ ದನ ಬಿಡದಿದ್ದರೆ ಸಾಕು, ಬೇರು ತಾನೇ ಮಾತನಾಡುತ್ತದೆ. ಬಿತ್ತನೆ ಬೇಕಾದುದು ಕಲ್ಲು ಕಾಣುವ ಕಡೆಗೆ.

ಬೀಜಕ್ಕಾಗಿ ಪೇಟೆಗೆ ಓಡಬೇಕೆಂದೇನೂ ಇಲ್ಲ. ದನದ ಬಾಯಿಗೆ ಎಟುಕದ ಹಳೆಯ ಬದುಗಳಲ್ಲಿ, ರಸ್ತೆಯ ಅಂಚುಗಳಲ್ಲಿ ಅಂಜನದ ಹಿಂಡಿಲುಗಳು ಉಳಿದಿರುವುದುಂಟು. ಮಳೆಗಾಲ ಮುಗಿದು ಇಬ್ಬನಿ ಬೀಳತೊಡಗಿದಾಗ ಅವುಗಳ ತೆನೆ ಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಆಗ ತೆನೆಯನ್ನು ಮುಷ್ಟಿಯಲ್ಲಿ ಹಿಡಿದು ಬುಡದಿಂದ ತುದಿಗೆ ಸವರಿದರೆ ಬಲಿತ ಬೀಜ ಕೈಗೆ ಬರುತ್ತದೆ. ಬಲಿಯದುದು ತೆನೆಯಲ್ಲಿಯೇ ನಿಲ್ಲುತ್ತದೆ. ಎಲ್ಲ ತೆನೆಗಳೂ ಒಟ್ಟಿಗೆ ಬಲಿಯುವುದಿಲ್ಲವಾದುದರಿಂದ ನಾಲ್ಕಾರು ದಿನಕ್ಕೊಮ್ಮೆ ಅದೇ ಬದುವಿಗೆ ಮರಳಿ ಹೋಗಬೇಕಾಗುತ್ತದೆ. ತಡಮಾಡಿದರೆ ಗಾಳಿ ಅದನ್ನು ಒಯ್ದಿರುತ್ತದೆ.